ಸಹಾಯ ಬೇಕು: ಕನ್ನಡದಲ್ಲಿ ಡಿಬಿಟಿ (ಮಾತಿನ ಚಿಕಿತ್ಸೆ) ಕಲಿಸುವವರು

ಎಲ್ಲರಿಗೂ ನಮಸ್ಕಾರ, ನಾನು ಗದಗಿನವಳು. ತಂಗಿಗೆ ಬೈಪೋಲಾರ್ (ಅತಿ ಹುರುಪು, ಖಿನ್ನತೆಗಳ ಏರಿಳಿತ) ಜೊತೆಗೆ ಬಾರ್ಡರ್‌ಲೈನ್ ವ್ಯಕ್ತಿತ್ವ ಸಮಸ್ಯೆಯೂ ಇದೆ ಎಂದಿದ್ದಾರೆ. ಬೈಪೋಲಾರ್‌ಗೆ ಲಿಥಿಯಂ ಮಾತ್ರೆ ನಡೆಯುತ್ತಿದೆ, ರಾತ್ರಿ ಮಾತ್ರೆ ನುಂಗಿ 12 ತಾಸಿಗೆ ಅದರ ಮಟ್ಟ ನೋಡಲು ರಕ್ತ ಕೊಡುವುದು, ಥೈರಾಯ್ಡ್, ಮೂತ್ರಪಿಂಡದ ತಪಾಸಣೆ ಎಲ್ಲ ರೂಢಿಯಾಗಿದೆ. ವಾರಗಟ್ಟಲೆ ನಿದ್ದೆಯಿಲ್ಲದ ಆ ಹುರುಪು ಈಗಿಲ್ಲ. ಆದರೆ ನಾನು ಫೋನ್ ಎತ್ತುವುದು ತಡವಾದರೆ ಸಾಕು, ‘ಅಕ್ಕಾ, ನೀನೂ ನನ್ನನ್ನು ಬಿಟ್ಟೆಯಾ?’ ಎಂದು ಕುದಿಯುತ್ತಾಳೆ. ಸಂಜೆಗೆ ತಾನೇ ಎಣ್ಣೆಗಾಯಿ ಮಾಡಿ ಬಡಿಸುತ್ತಾಳೆ. ಈ ಬಾರ್ಡರ್‌ಲೈನ್ ಸಮಸ್ಯೆಗೆ ಮಾತ್ರೆಗಿಂತ, ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಿಬಿಟಿ ಎಂಬ ಮಾತಿನ ಚಿಕಿತ್ಸೆ ಮುಖ್ಯವಂತೆ. ಮದುವೆ ಮಾಡಿ ಎನ್ನುವವರು ದಯವಿಟ್ಟು ಬರೆಯಬೇಡಿ, ಆ ಸಲಹೆ ಸೋದರಮಾವನಿಂದಲೇ ಬೇಕಾದಷ್ಟು ಬಂದಿದೆ. ತುರ್ತಿಗೆ ಟೆಲಿ ಮಾನಸ್ ಸಹಾಯವಾಣಿ 14416 ಗೊತ್ತಿದೆ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಡಿಬಿಟಿಯನ್ನು ಕನ್ನಡದಲ್ಲೇ ಕಲಿಸುವವರಿದ್ದಾರೆಯೇ? ಯಾವ ದಿನ, ಎಷ್ಟು ಖರ್ಚು? ಬೆಳಿಗ್ಗೆ ಬಸ್ ಹಿಡಿದು ಸಂಜೆ ಮರಳುವಂತಿದ್ದರೆ ಅನುಕೂಲ.