ಮೆನೊನೈಟ್ ಸಭೆಯ ಆಚರಣೆಗಳಿಗೆ ಯಾವ ಪದ: ಪುನರ್ದೀಕ್ಷೆ, ಪಾದಪೂಜೆ, ಸಹಭೋಜನ?

ಪ್ರಶ್ನೆ: ಅಮೆರಿಕದ ಮೆನೊನೈಟ್ ಸಭೆಗಳ ಆರಾಧನೆ, ಕಲಿಕೆಯ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಅನಾಬ್ಯಾಪ್ಟಿಸ್ಟರಿಗೆ (ಮೆನೊನೈಟರು ಸೇರಿರುವ, ವಯಸ್ಕರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಕ್ರೈಸ್ತ ಪಂಥ) ‘ಪುನರ್ದೀಕ್ಷಾಸ್ನಾನಿಗಳು’, ಕಾಲು ತೊಳೆಯುವ ಆಚರಣೆಗೆ ‘ಪಾದಪೂಜೆ’, ಆರಾಧನೆಯ ನಂತರದ ಊಟಕ್ಕೆ ‘ಸಹಭೋಜನ’ ಅಂದರೆ ಸರಿಯೇ? ಓದುವವರಲ್ಲಿ ಕ್ರೈಸ್ತರಲ್ಲದವರೇ ಹೆಚ್ಚು.

ಉತ್ತರ: ‘ಪುನರ್ದೀಕ್ಷಾಸ್ನಾನಿಗಳು’ ಬಿಟ್ಟುಬಿಡಿ. ‘ಪುನಃ’ ಅನ್ನುವುದು ಅನಾಬ್ಯಾಪ್ಟಿಸ್ಟರ ವಿರೋಧಿಗಳ ಮಾತು. 1525ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಕಾನ್ರಾಡ್ ಗ್ರೇಬೆಲ್ ಮತ್ತು ಸಂಗಡಿಗರು ವಯಸ್ಕರಾಗಿ ದೀಕ್ಷಾಸ್ನಾನ (ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿ) ಪಡೆದರು. ತಿಳಿವಳಿಕೆ ಬರುವ ಮೊದಲು ಮಗುವಿಗೆ ಕೊಟ್ಟದ್ದು ದೀಕ್ಷಾಸ್ನಾನವೇ ಅಲ್ಲ, ಹಾಗಾಗಿ ತಮ್ಮದೇ ಮೊದಲನೆಯದು ಎಂಬುದು ಅವರ ನಿಲುವು. ಆ ಗುಂಪಿನ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. 1529ರಲ್ಲಿ ‘ಮರುದೀಕ್ಷೆ’ಗೆ ಮರಣದಂಡನೆ ಎಂದು ಪವಿತ್ರ ರೋಮನ್ ಸಾಮ್ರಾಜ್ಯದ ಆಜ್ಞೆಯೇ ಹೊರಟಿತು. ಜನರ ಕೊರಳಿಗೆ ಉರುಳಾದ ಪದವನ್ನು ಕನ್ನಡದಲ್ಲಿ ನಾವು ಹೊಸದಾಗಿ ಕಟ್ಟುವುದು ಬೇಡ. ‘ಅನಾಬ್ಯಾಪ್ಟಿಸ್ಟ್’ ಎಂದೇ ಇಟ್ಟು, ಒಂದು ಸಾಲಿನಲ್ಲಿ ವಿವರಿಸಿ. ಮೆನೊನೈಟ್ ಅನ್ನುವುದು ವ್ಯಕ್ತಿಯ ಹೆಸರಿನಿಂದ ಬಂದದ್ದು: ನೆದರ್‌ಲ್ಯಾಂಡ್ಸ್‌ನ ಫ್ರೀಸ್‌ಲ್ಯಾಂಡಿನಲ್ಲಿ ಕ್ಯಾಥೊಲಿಕ್ ಪಾದ್ರಿಯಾಗಿದ್ದ ಮೆನೊ ಸೈಮನ್ಸ್ 1536ರಲ್ಲಿ ತನ್ನ ಹುದ್ದೆ ಬಿಟ್ಟು ಇವರ ಜೊತೆ ಸೇರಿದ.

‘ದೀಕ್ಷಾಸ್ನಾನ’ ನಮ್ಮ ಸಭೆಗಳಲ್ಲಿ ನೆಲೆಯೂರಿದ ಪದ, ಬಳಸಬಹುದು. ಆದರೆ ‘ಸ್ನಾನ’ ಎಂದೊಡನೆ ಓದುಗರು ಮುಳುಗುವುದನ್ನು ಊಹಿಸಿಕೊಳ್ಳುತ್ತಾರೆ. ಹಳೆಯ ಮೆನೊನೈಟ್ ಪದ್ಧತಿಯಲ್ಲಿ ದೀಕ್ಷೆ ಪಡೆಯುವವರು ಮೊಣಕಾಲೂರುತ್ತಾರೆ. ಸಭೆಯ ಹಿರಿಯರು ಅವರ ತಲೆಯ ಮೇಲೆ ಬೊಗಸೆಯೊಡ್ಡುತ್ತಾರೆ, ಸಭಾಸೇವಕರು ಹೂಜಿಯಿಂದ ಆ ಬೊಗಸೆಗೆ ನೀರು ಬಿಡುತ್ತಾರೆ, ಅದು ಬೆರಳ ಸಂದಿಯಿಂದ ತಲೆಗಿಳಿಯುತ್ತದೆ. ಆಮೇಲೆ ಕೈಹಿಡಿದು ಎಬ್ಬಿಸುತ್ತಾರೆ. ಮುಳುಗಿಸುವುದು 1860ರಲ್ಲಿ ದಕ್ಷಿಣ ರಷ್ಯಾದಲ್ಲಿ ಬೇರೆಯಾದ ಮೆನೊನೈಟ್ ಬ್ರದರನ್ ಪಂಗಡದ ಕ್ರಮ. ನಮಗೆ ಹತ್ತಿರವಿರುವ, ತೆಲಂಗಾಣದ ಮಹಬೂಬ್‌ನಗರದ ಕಡೆಯ ತೆಲುಗು ಸಭೆಗಳು ಈ ಪಂಗಡದವು. ಆದ್ದರಿಂದ ಯಾವ ಸಭೆ ಎಂದು ನೋಡಿಕೊಂಡು ‘ತಲೆಗೆ ನೀರೆರೆದು’ ಅಥವಾ ‘ನೀರಿನಲ್ಲಿ ಮುಳುಗಿಸಿ’ ಎಂದು ಸ್ಪಷ್ಟವಾಗಿ ಸೇರಿಸಿ. ‘ಪ್ರೋಕ್ಷಣೆ’ ಬೇಡ, ಅದು ಚಿಮುಕಿಸುವುದು.

‘ಪಾದಪೂಜೆ’ ಅರ್ಥವನ್ನೇ ತಿರುಗುಮುರುಗು ಮಾಡುತ್ತದೆ. ಪಾದಪೂಜೆಯಲ್ಲಿ ಸಾಮಾನ್ಯವಾಗಿ ಕಿರಿಯರು ಹಿರಿಯರ ಪಾದ ತೊಳೆಯುತ್ತಾರೆ, ಮರಳಿ ಯಾರೂ ತೊಳೆಯುವುದಿಲ್ಲ. ಇಲ್ಲಿ ಇಬ್ಬಿಬ್ಬರು ಜೋಡಿ. ಗಂಡಸರು, ಹೆಂಗಸರು ಸಾಮಾನ್ಯವಾಗಿ ಬೇರೆಬೇರೆ ಕಡೆ. ಬೇಸಿನ್‌ನಲ್ಲಿ ಉಗುರುಬೆಚ್ಚನೆಯ ನೀರು, ಒಂದು ಟವೆಲ್. ಒಬ್ಬರು ಬಗ್ಗಿ ಇನ್ನೊಬ್ಬರ ಕಾಲು ತೊಳೆದು ಒರೆಸಿದ ಮೇಲೆ ಅದೇ ಜೋಡಿ ಅದಲುಬದಲಾಗುತ್ತದೆ. ಕೊನೆಗೆ ಅಪ್ಪುಗೆ, ಆಶೀರ್ವಾದದ ಮಾತು. ಕ್ಯಾಥೊಲಿಕ್ ಚರ್ಚುಗಳಲ್ಲಿ ಪವಿತ್ರ ಗುರುವಾರ (ಈಸ್ಟರ್‌ಗೆ ಮುಂಚಿನ ಗುರುವಾರ) ಗುರುಗಳು ಹನ್ನೆರಡು ಜನರ ಪಾದ ತೊಳೆಯುವುದನ್ನು ಕಂಡವರಿಗೆ ಈ ವ್ಯತ್ಯಾಸ ತಿಳಿಸಲೇಬೇಕು. ಮೆನೊನೈಟರ ನಂಬಿಕೆಗಳನ್ನು ಬರೆದಿಟ್ಟ 1632ರ ಡಾರ್ಡ್ರೆಖ್ಟ್ ವಿಶ್ವಾಸಪ್ರಮಾಣದ 18 ವಿಧಿಗಳಲ್ಲಿ ಇದಕ್ಕೇ ಒಂದು ವಿಧಿ ಮೀಸಲು, ಅಷ್ಟು ಮುಖ್ಯವಾದದ್ದು. ‘ಒಬ್ಬರ ಕಾಲು ಒಬ್ಬರು ತೊಳೆಯುವುದು’ ಎಂದು ಬರೆಯಿರಿ. ಉದ್ದವಾಯಿತು ಅನ್ನಿಸಿದರೂ ಮೊಟಕು ಮಾಡಬೇಡಿ, ‘ಒಬ್ಬರು’ ಎರಡು ಸಲ ಬರುವುದರಲ್ಲೇ ವಿಷಯವಿದೆ.

‘ಸಹಭೋಜನ’ ತಪ್ಪಲ್ಲ. ಆದರೆ ಕನ್ನಡದಲ್ಲಿ ಅದಕ್ಕೆ ಜಾತಿಭೇದ ಮುರಿಯುವ ಪಂಕ್ತಿಯ ನೆನಪು ಅಂಟಿಕೊಂಡಿದೆ, ಇಲ್ಲಿರುವುದು ಆ ಸಂದರ್ಭವಲ್ಲ. ‘ಮನೆಮನೆಯಿಂದ ತಂದು ಹಂಚಿಕೊಳ್ಳುವ ಊಟ’ ಸಾಕು. ಈ ಒಡನಾಟಕ್ಕೆ ಬೈಬಲಿನ ‘ಅನ್ಯೋನ್ಯತೆ’ ಕ್ರೈಸ್ತರಿಗೆ ಕೂಡಲೇ ಗೊತ್ತಾಗುತ್ತದೆ. ಉಳಿದವರಿಗೆ ಅದು ಗಂಡಹೆಂಡಿರ ಹೊಂದಾಣಿಕೆಯ ಮಾತು, ನಿಮ್ಮ ಲೇಖನಕ್ಕೆ ‘ಒಡನಾಟ’ವೇ ಮೇಲು.

ಕಲಿಕೆಯ ಬಗ್ಗೆ ಬರೆಯುವಾಗ ಒಂದು ಎಚ್ಚರಿಕೆ: ಸಂಡೆ ಸ್ಕೂಲ್ ಅಂದರೆ ನಮ್ಮಲ್ಲಿ ಮಕ್ಕಳದ್ದು. ಅಲ್ಲಿನ ಎಷ್ಟೋ ಸಭೆಗಳಲ್ಲಿ ಆರಾಧನೆಯ ಮುಂಚೆಯೋ ನಂತರವೋ ದೊಡ್ಡವರಿಗೂ ತರಗತಿ ಇರುತ್ತದೆ. ಹಾಡಿಗೆ ‘ಭಜನೆ’ ಹೊಂದುವುದಿಲ್ಲ, ಒಬ್ಬರು ಹೇಳಿಕೊಟ್ಟು ಉಳಿದವರು ಅನುಸರಿಸುವ ಕ್ರಮ ಅದಲ್ಲ. ವಾದ್ಯವಿಲ್ಲದೆ ಇಡೀ ಸಭೆ ಏಕಕಾಲಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ಬೇರೆಬೇರೆ ಸ್ವರಸಾಲು ಹಾಡುವ ರೂಢಿ ಅವರದು. ‘ನಾಲ್ಕು ದನಿಯ ಸಭಾಗಾನ’ ಎಂದರೆ ಆದೀತು.