ಎಡ್ಡಿ ವ್ಯಾನ್ ಹೇಲನ್ ಗಿಟಾರಿನ ಪಟ್ಟೆಗಳು ಯಾರ ಸ್ವತ್ತು?

ಪ್ರಶ್ನೆ: ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಬಿಡಿಭಾಗಗಳನ್ನು ಜೋಡಿಸಿ, ಅಂಟುಪಟ್ಟಿ ಸುತ್ತಿ ಬಣ್ಣ ಸಿಂಪಡಿಸಿ ತಾವೇ ರೂಪಿಸಿಕೊಂಡ ‘ಫ್ರಾಂಕನ್‌ಸ್ಟೈನ್’ ಗಿಟಾರಿನ ಪಟ್ಟೆಗಳನ್ನು ಬೇರೆ ತಯಾರಕರು ನಕಲಿಸಿದರೆ ತಡೆಯುವ ಹಕ್ಕು ಅವರಿಗಿತ್ತೇ?

ಉತ್ತರ 1: ಆಕಾರ ಬೇರೆ, ಅದರ ಮೇಲಿನ ಚಿತ್ತಾರ ಬೇರೆ. ಒಡಲಿನ ಆಕಾರ ಫೆಂಡರ್ ಎಂಬ ಗಿಟಾರ್ ಕಂಪನಿಯ ‘ಸ್ಟ್ರಾಟೋಕಾಸ್ಟರ್’ ಮಾದರಿಯದು. ಅದು ಎಡ್ಡಿಯವರ ಸೃಷ್ಟಿಯಲ್ಲ. ಆದರೆ ಪಟ್ಟೆಗಳ ವಿನ್ಯಾಸವನ್ನು ಅವರು 2001ರಲ್ಲಿ ಅಮೆರಿಕದಲ್ಲಿ ಕೃತಿಸ್ವಾಮ್ಯಕ್ಕೆ (ಕಾಪಿರೈಟ್) ನೋಂದಾಯಿಸಿದ್ದರು ಮತ್ತು ಅದೇ ಆಧಾರದ ಮೇಲೆ 2009ರಲ್ಲಿ ನೈಕಿ ಕಂಪನಿಯ ಶೂಗಳ ವಿರುದ್ಧ ಮೊಕದ್ದಮೆಯನ್ನೂ ಹೂಡಿದರು.

ಉತ್ತರ 2: ಕಾನೂನಿಗಿಂತ ಮೊದಲು ಅವರು ನೆಚ್ಚಿದ್ದು ಬಣ್ಣವನ್ನು. ಕಪ್ಪು-ಬಿಳುಪಿನ ನಕಲುಗಳು ಕಾಣಿಸಿಕೊಂಡಾಗ, 1979ರಲ್ಲಿ ಗಿಟಾರಿಗೆ ಕೆಂಪು ಬಳಿದರು.

ಉತ್ತರ 3: 2007ರಲ್ಲಿ ಫೆಂಡರ್ ಕಂಪನಿ ಎಡ್ಡಿಯವರ ಸಹಭಾಗಿತ್ವದಲ್ಲೇ, ಸಿಗರೇಟಿನ ಸುಟ್ಟ ಗುರುತುಗಳ ಸಮೇತ 300 ಪ್ರತಿಕೃತಿಗಳನ್ನು ತಯಾರಿಸಿ, ಒಂದೊಂದಕ್ಕೂ 25,000 ಡಾಲರ್ ಬೆಲೆ ಇಟ್ಟಿತು. ಮೂಲ ಒಡಲಿಗೆ ಎಡ್ಡಿ ತೆತ್ತದ್ದು ಬರೀ 50 ಡಾಲರ್ ಎಂಬುದನ್ನು ನೆನೆದರೆ ನನಗೆ ನಗು ಬರುತ್ತದೆ.