ಎಂ.ಪಿ.ಎಡ್ ಮುಗಿಸಿ ಕಾಲೇಜಿನ ಪಿ.ಡಿ. ಆಗೋ ದಾರಿ: ಎಐ ಬಂದಮೇಲೆ ಎಷ್ಟು ಗಟ್ಟಿ?

ತೋಳಹುಣಸೆ_ಎಂಪಿಎಡ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಎಂ.ಪಿ.ಎಡ್ (ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ) ಎರಡನೇ ವರ್ಷ ಓದ್ತಿದ್ದೀನಿ, ಆಟ ಖೋ-ಖೋ. ವರ್ಕೌಟ್ ಪ್ಲಾನ್ ಆ್ಯಪ್ ಕೊಡುತ್ತೆ, ಹೃದಯಬಡಿತ ವಾಚ್ ಹೇಳುತ್ತೆ, ಥಿಯರಿ ನೋಟ್ಸ್ ಚಾಟ್‌ಜಿಪಿಟಿ ಬರೆದುಕೊಡುತ್ತೆ. ಹೀಗಿರುವಾಗ ಕಾಲೇಜು, ವಿಶ್ವವಿದ್ಯಾಲಯಗಳು ದೈಹಿಕ ಶಿಕ್ಷಣಕ್ಕೆ ಅಂತ ಪೂರ್ತಿ ಸಂಬಳ ಕೊಟ್ಟು ಜನ ಇಟ್ಟುಕೊಳ್ತವಾ? ಕಾಲೇಜು ಅಧ್ಯಾಪಕರ ರಾಜ್ಯ ಅರ್ಹತಾ ಪರೀಕ್ಷೆ ಕೆ-ಸೆಟ್‌ಗೆ ಕೂರೋದು ಒಳ್ಳೇದಾ, ಕೋಚಿಂಗ್ ಡಿಪ್ಲೊಮಾ ಕಡೆ ಹೋಗೋದಾ? ಎಐ ಕಲಿ ಅಂತ ಎಲ್ಲರೂ ಹೇಳ್ತಾರೆ, ಏನು ಕಲೀಬೇಕು ಅಂತ ಯಾರೂ ಹೇಳಲ್ಲ. ಕೋಡಿಂಗ್ ಬರಲ್ಲ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸೀಟಿ_ಸ್ಟಾಪ್‌ವಾಚ್

ಮೊದಲು ಹುದ್ದೆಯ ಲೆಕ್ಕ ನೋಡಿ. ಡಿಗ್ರಿ ಕಾಲೇಜಲ್ಲಿ ಇಂಗ್ಲಿಷಿಗೋ ಕಾಮರ್ಸಿಗೋ ಮೂರ್ನಾಲ್ಕು ಜನ ಇರ್ತಾರೆ. ದೈಹಿಕ ಶಿಕ್ಷಣ ನಿರ್ದೇಶಕರ (ಪಿ.ಡಿ.) ಹುದ್ದೆ ಸಾಮಾನ್ಯವಾಗಿ ಕಾಲೇಜಿಗೊಂದೇ. ಇದ್ದವರು ನಿವೃತ್ತರಾದಮೇಲೆ ಆ ಜಾಗಕ್ಕೆ ಅರ್ಜಿ ಕರೆಯೋವರೆಗೆ ಕಾಲೇಜಿನವರು ಅತಿಥಿ ಉಪನ್ಯಾಸಕರಲ್ಲೇ ಕಾಲ ದೂಡ್ತಾರೆ. ನಿಮಗೆ ಎದುರಾಗೋ ದೊಡ್ಡ ಇಕ್ಕಟ್ಟು ಇದು. ಎಐ ಇರಲಿ ಬಿಡಲಿ, ಈ ಇಕ್ಕಟ್ಟು ಇದ್ದೇ ಇರುತ್ತಿತ್ತು.

ಆದರೆ ಈ ಹುದ್ದೆಯ ಅರ್ಹತೆಯಲ್ಲೇ ಒಂದು ರಕ್ಷಣೆ ಇದೆ. ಯುಜಿಸಿಯ 2018ರ ನಿಯಮಾವಳಿ ಪ್ರಕಾರ ಸ್ನಾತಕೋತ್ತರದಲ್ಲಿ 55% ಬೇಕು, ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ರಾಜ್ಯಮಟ್ಟದ್ದು) ಬೇಕು, ಅಂತರ ಕಾಲೇಜು ಅಥವಾ ಅಂತರ ವಿವಿ ಕೂಟದಲ್ಲೋ, ರಾಜ್ಯ ಇಲ್ಲವೇ ರಾಷ್ಟ್ರಮಟ್ಟದಲ್ಲೋ ಆಡಿದ ದಾಖಲೆ ಬೇಕು. ಇಷ್ಟರ ಮೇಲೆ ದೈಹಿಕ ಸಾಮರ್ಥ್ಯ ಪರೀಕ್ಷೆ. ಗಂಡಸರಿಗೆ 12 ನಿಮಿಷದ ಓಟ-ನಡಿಗೆ: 30 ವರ್ಷದೊಳಗೆ 1800 ಮೀಟರ್, 40ರೊಳಗೆ 1500, 45ರೊಳಗೆ 1200, 50ರೊಳಗೆ 800. ಹೆಂಗಸರಿಗೆ 8 ನಿಮಿಷ: ಅದೇ ವಯೋಮಿತಿಗಳಿಗೆ 1000, 800, 600, 400 ಮೀಟರ್. ಆರಂಭದ ವೇತನ ಅಸಿಸ್ಟೆಂಟ್ ಪ್ರೊಫೆಸರ್‌ಗಿರುವ ಹಂತ 10ರದ್ದೇ, ಮೂಲ 57,700. ಬೇರೆ ವಿಷಯದವರು ಕೈಬೀಸಿಕೊಂಡು ಬಂದು ಈ ಕುರ್ಚಿಯಲ್ಲಿ ಕೂರೋಕಾಗಲ್ಲ.

ಎಐ ಯಾವುದನ್ನು ತಿನ್ನುತ್ತೆ ಅನ್ನೋದನ್ನೂ ನೇರವಾಗಿ ಹೇಳಿಬಿಡ್ತೀನಿ. ನೋಟ್ಸ್ ಬರೆಸೋದು, ಫಿಕ್ಸ್ಚರ್ (ಪಂದ್ಯಗಳ ಪಟ್ಟಿ) ಹಾಕೋದು, ಟಿ.ಎ.-ಡಿ.ಎ. ಪಟ್ಟಿ, ಕ್ರೀಡಾಕೂಟದ ವರದಿ, ಇವೆಲ್ಲ ಹೋಗುತ್ತವೆ. 13 ತಂಡದ ನಾಕೌಟ್ ಅಂದರೆ 12 ಪಂದ್ಯ, 3 ಬೈ (ಮೊದಲ ಸುತ್ತು ಆಡದೇ ಮುಂದೆ ಹೋಗೋ ತಂಡ), ಮೇಲಿನ ಅರ್ಧಕ್ಕೆ 7 ತಂಡ, ಕೆಳಗಿನದಕ್ಕೆ 6. ಇದನ್ನು ಯಂತ್ರ ಕಣ್ಣುಮುಚ್ಚಿ ಬಿಡಿಸುತ್ತೆ. ಆದರೆ ಎರಡು ತಾಲ್ಲೂಕು ಕಾಲೇಜಿನ ಖೋ-ಖೋ ತಂಡದಲ್ಲಿ ಇರೋ ಹುಡುಗರೇ ಕಬಡ್ಡಿಗೂ ಇಳೀತಾರೆ, ಎರಡೂ ಪಂದ್ಯ ಹನ್ನೊಂದು ಗಂಟೆಗೇ ಇಟ್ಟರೆ ಒಂದು ತಂಡ ವಾಕೋವರ್ ಕೊಡಬೇಕಾಗುತ್ತೆ ಅನ್ನೋದು ಅದಕ್ಕೆ ಗೊತ್ತಿರಲ್ಲ. ಕೂಟ ನಡೆಸೋ ಕೆಲಸ ಅಂದರೆ ಬಹುಪಾಲು ಇಂಥದ್ದೇ.

ಕೆ-ಸೆಟ್ ಬಿಡಬೇಡಿ. ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತೆ. ನೆಟ್‌ಗೂ ಕೂಡಿ: ದೈಹಿಕ ಶಿಕ್ಷಣದ ಕೋಡ್ 47, ಎರಡೂ ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ, 3 ಗಂಟೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ನಮ್ಮವರು ಜಾರೋದು ಬಹಳವಾಗಿ ಮೊದಲ ಪತ್ರಿಕೆಯಲ್ಲಿ. ದತ್ತಾಂಶ ವಿಶ್ಲೇಷಣೆ, ತರ್ಕ, ಸಂಶೋಧನಾ ವಿಧಾನ ಅಂದರೆ ಹಿಂಜರೀತಾರೆ. ಅಂಗರಚನೆ, ಬಯೋಮೆಕ್ಯಾನಿಕ್ಸ್ ಓದೋವಷ್ಟೇ ಹೊತ್ತು ಅದಕ್ಕೂ ಕೊಡಿ.

ಫ್ರೇಮ್_ಬೈ_ಫ್ರೇಮ್

ಎಐ ಅಂದರೆ ಏನು ಕಲೀಬೇಕು ಅಂತ ಕೇಳಿದ್ರಿ. ಕೋಡಿಂಗ್ ಬೇಡ. ವಿಡಿಯೋದಿಂದ ಚಲನೆ ಅಳೆಯೋದನ್ನು ಕಲಿಯಿರಿ. ಫೋನ್, ಟ್ರೈಪಾಡ್, 1 ಮೀಟರ್ ಕೋಲು, ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕಿನೋವಿಯಾ ಅನ್ನೋ ಉಚಿತ ತಂತ್ರಾಂಶ, ಇಷ್ಟಿದ್ದರೆ ಶುರು ಮಾಡಬಹುದು.

ಓಟಗಾರ ಹೋಗೋ ಗೆರೆಗೆ ಲಂಬವಾಗಿ, ಕನಿಷ್ಠ 10 ಮೀಟರ್ ದೂರದಲ್ಲಿ, ಸೊಂಟದ ಎತ್ತರಕ್ಕೆ ಫೋನ್ ನಿಲ್ಲಿಸಿ. ಹತ್ತಿರ ಹೋಗೋ ಬದಲು ಝೂಮ್ ಮಾಡಿ. ಮೀಟರ್ ಕೋಲನ್ನು ಓಟಗಾರನ ಗೆರೆಯ ಮೇಲೇ ಇಟ್ಟು ಮೊದಲು ಚಿತ್ರೀಕರಿಸಿ. ಹೆಚ್ಚಿನವರು ತಪ್ಪೋದು ಇಲ್ಲೇ: ಕೋಲು ಕ್ಯಾಮೆರಾ ಕಡೆಗೆ ಒಂದು ಮೀಟರ್ ಸರಿದಿದ್ದರೆ ಅದು ದೊಡ್ಡದಾಗಿ ಕಾಣುತ್ತೆ, 5 ಮೀಟರ್ ಇರೋದು ಲೆಕ್ಕದಲ್ಲಿ 4.5 ಆಗಿಬಿಡುತ್ತೆ.

ಫ್ರೇಮ್ ದರವೂ ಅಷ್ಟೇ ಮುಖ್ಯ. 30 ಫ್ರೇಮಿನಲ್ಲಿ ತೆಗೆದರೆ ಸೆಕೆಂಡಿಗೆ 8 ಮೀಟರ್ ಓಡೋ ಹುಡುಗ ಎರಡು ಫ್ರೇಮ್ ನಡುವೆ 27 ಸೆಂ.ಮೀ. ದಾಟಿರ್ತಾನೆ. ಸ್ಪ್ರಿಂಟಿನಲ್ಲಿ ಪಾದ ನೆಲಕ್ಕೆ ತಾಗಿರೋದು ಸುಮಾರು 0.1 ಸೆಕೆಂಡ್, ಅಂದರೆ ಮೂರೇ ಫ್ರೇಮ್. 240ರ ಸ್ಲೋ ಮೋಷನ್‌ನಲ್ಲಿ 24 ಸಿಗುತ್ತವೆ. ಹಾಗೆ ತೆಗೆದ ವಿಡಿಯೋವನ್ನು ಕಿನೋವಿಯಾಕ್ಕೆ ಹಾಕಿದಾಗ ನಿಜವಾದ ಫ್ರೇಮ್ ದರವನ್ನು ನೀವೇ ತುಂಬಬೇಕು. ಇಲ್ಲದಿದ್ದರೆ ಎಲ್ಲ ಸಮಯವೂ 8 ಪಟ್ಟು ಹಿಗ್ಗಿ ಬರುತ್ತೆ.

ಇದು ಕೈಗೆ ಹತ್ತಿದ ಮೇಲೆ ಮೀಡಿಯಾಪೈಪ್ ತರದ ಎಐ ನೋಡಿ. ಒಂದು ದೇಹದ 33 ಬಿಂದುಗಳನ್ನು ತಾನೇ ಗುರುತಿಸುತ್ತೆ. ಲಾಂಗ್ ಜಂಪ್ ಓಟ, ಸ್ಟಾರ್ಟಿಂಗ್ ಬ್ಲಾಕ್, ಜಾವೆಲಿನ್, ಹೀಗೆ ಒಬ್ಬರೇ ಪಕ್ಕದಿಂದ ಕಾಣೋ ಕಡೆ ಚೆನ್ನಾಗಿ ಕೆಲಸ ಮಾಡುತ್ತೆ. ಕಬಡ್ಡಿಯಲ್ಲಿ ರೈಡರ್ ಮೇಲೆ ನಾಲ್ಕು ಜನ ಬಿದ್ದಾಗ ಒಬ್ಬನ ಮೊಣಕಾಲು ಇನ್ನೊಬ್ಬನದಕ್ಕೆ ನೆಗೆದುಬಿಡುತ್ತೆ. ಖೋ-ಖೋದಲ್ಲಿ ಕೂತ ಚೇಸರ್‌ನ ಕಾಲು ಮೈಯ ಹಿಂದೆ ಮರೆಯಾಗಿರೋದರಿಂದ ಅಲ್ಲೂ ಎಡವುತ್ತೆ. ಯಾವ ಅಂಕಿ ನಂಬಬೇಕು, ಯಾವುದನ್ನು ಕಸಕ್ಕೆ ಹಾಕಬೇಕು ಅಂತ ಹೇಳಬಲ್ಲ ಪಿ.ಡಿ.ಗೆ ಮುಂದೆ ಬೆಲೆ ಇದೆ. ಇದು ನನ್ನ ಖಚಿತ ಅಭಿಪ್ರಾಯ.

ಕೋಟೆನಾಡು_ಟ್ರ್ಯಾಕ್

ಮೇಲಿನ ಮಾತಿಗೆ ಮೈದಾನದ ಕಡೆಯಿಂದ ಒಂದು ಉದಾಹರಣೆ. ಎರಡನೇ ಲೇನಿಗೆ ಸ್ಟ್ಯಾಗರ್ (ಹೊರಗಿನ ಲೇನಿನವರು ಜಾಸ್ತಿ ಓಡದ ಹಾಗೆ ಅವರ ಆರಂಭದ ಗೆರೆ ಮುಂದೆ ಸರಿಸೋ ದೂರ) ಎಷ್ಟು ಅಂತ ಚಾಟ್‌ಬಾಟನ್ನು ಸುಮ್ಮನೆ ಕೇಳಿದರೆ 7.04 ಮೀಟರ್ ಅಂತ ಪುಸ್ತಕದ ಅಂಕಿ ಬರುತ್ತೆ. ಅದು ಒಳಗಡೆ ಎತ್ತರದ ಕರ್ಬ್ (ಅಂಚುಕಟ್ಟೆ) ಇರೋ ಟ್ರ್ಯಾಕಿಗೆ. ಅಲ್ಲಿ ಮೊದಲ ಲೇನನ್ನು ಕರ್ಬಿನಿಂದ 30 ಸೆಂ.ಮೀ. ಹೊರಗೆ ಅಳೀತಾರೆ, ಉಳಿದ ಲೇನುಗಳನ್ನು ಗೆರೆಯಿಂದ 20 ಸೆಂ.ಮೀ. ಹೊರಗೆ. ನಮ್ಮ ಕಾಲೇಜು ಮೈದಾನಗಳಲ್ಲಿ ಇರೋದು ಬರೀ ಸುಣ್ಣದ ಗೆರೆ. ಕರ್ಬ್ ಇಲ್ಲದಾಗ ಮೊದಲ ಲೇನಿಗೂ 20 ಸೆಂ.ಮೀ. ಆದ್ದರಿಂದ 1.22 ಮೀಟರ್ ಅಗಲದ ಲೇನಿಗೆ ಎರಡನೆಯದೂ 7.67 ಆಗಬೇಕು. 7.04 ಹಾಕಿದರೆ ಎರಡನೇ ಲೇನಿಂದಾಚೆ ಎಲ್ಲರೂ ಮೊದಲ ಲೇನಿನವನಿಗಿಂತ 63 ಸೆಂ.ಮೀ. ಜಾಸ್ತಿ ಓಡ್ತಾರೆ. 400 ಮೀಟರ್ ಓಟದಲ್ಲಿ ಅದು ಸುಮಾರು 0.08 ಸೆಕೆಂಡ್, ಪದಕ ಕೈತಪ್ಪೋಕೆ ಸಾಕು. 200 ಮೀಟರ್ ಸುತ್ತಳತೆಯ ಟ್ರ್ಯಾಕಿನಲ್ಲೂ ಒಂದು ಸುತ್ತಿಗೆ ಇದೇ ಅಂಕಿ, ತ್ರಿಜ್ಯ ಬದಲಾದರೂ ಸ್ಟ್ಯಾಗರ್ ಬದಲಾಗಲ್ಲ. ಪ್ರಶ್ನೆಯಲ್ಲಿ "ಕರ್ಬ್ ಇಲ್ಲ" ಅಂತ ಸೇರಿಸೋಕೆ ಹೊಳೆಯಬೇಕಾದರೆ ಒಂದು ಸಲವಾದರೂ ಟೇಪ್ ಹಿಡಿದು ಮಾರ್ಕಿಂಗ್ ಮಾಡಿರಬೇಕು.

ಗಾಳಿಯದ್ದೂ ಹೀಗೇ. ಚಿತ್ರದುರ್ಗದ ಗುಡ್ಡಗಳ ಮೇಲೆ ವಿಂಡ್‌ಮಿಲ್ ಸುಮ್ಮನೆ ನಿಲ್ಲಿಸಿಲ್ಲ. ಬೆನ್ನಗಾಳಿಯಲ್ಲಿ ಹಾರಿದ ಜಂಪನ್ನು ಆ್ಯಪ್ "ಪ್ರಗತಿ" ಅಂತ ತೋರಿಸುತ್ತೆ. ಸೆಕೆಂಡಿಗೆ 2 ಮೀಟರ್ ದಾಟಿದ ಗಾಳಿಯಲ್ಲಿ ಬಂದದ್ದು ದಾಖಲೆಗೆ ಸಲ್ಲಲ್ಲ. ಗಾಳಿಮಾಪಕ ಇಲ್ಲದಿದ್ದರೂ ಕಡೇಪಕ್ಷ ಗಾಳಿಯ ದಿಕ್ಕನ್ನು ಶೀಟಿನಲ್ಲಿ ಬರೆದಿಡಿ.

ದಾವಣಗೆರೆಯ ಏಪ್ರಿಲ್ ಬಿಸಿಲನ್ನೂ ಎಐ ಪ್ಲಾನ್ ಲೆಕ್ಕಕ್ಕೆ ಹಿಡಿಯಲ್ಲ, ನೀವು ಹೇಳಿದರೆ ಮಾತ್ರ ಹಿಡಿಯುತ್ತೆ. ಅಭ್ಯಾಸಕ್ಕೆ ಮುಂಚೆ, ಆಮೇಲೆ ತೂಕ ನೋಡಿ. ಇಳಿದ ಪ್ರತಿ ಕೆ.ಜಿ.ಗೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ದೇಹತೂಕದ 2% ಮೀರಿದರೆ ಮಾರನೇ ದಿನದ ಭಾರ ಇಳಿಸಿ.

ಮೇಡಂ_ಪಿಡಿ

ಇನ್ನೊಂದು ವಿಷಯ ಯಾರೂ ಎತ್ತಿಲ್ಲ. ವಿದ್ಯಾರ್ಥಿಗಳ, ಅದರಲ್ಲೂ ಹೆಣ್ಣುಮಕ್ಕಳ ವಿಡಿಯೋ, ತೂಕ, ಹೃದಯಬಡಿತ ಇವನ್ನೆಲ್ಲ ಸಿಕ್ಕ ಸಿಕ್ಕ ಉಚಿತ ಆ್ಯಪಿಗೆ ಏರಿಸಬೇಡಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿದೆ. ಅದರ ಪ್ರಕಾರ 18 ತುಂಬದವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕು. ಕಾಂಪೋಸಿಟ್ ಕಾಲೇಜಲ್ಲಿ ಪಿಯು ಮಕ್ಕಳೂ ಅದೇ ಮೈದಾನಕ್ಕೆ ಬರ್ತಾರೆ ಅನ್ನೋದು ನೆನಪಿರಲಿ. ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಮಾಡಿ: ಏನು ಚಿತ್ರೀಕರಿಸ್ತೀವಿ, ಯಾರು ನೋಡ್ತಾರೆ, ಯಾವಾಗ ಅಳಿಸ್ತೀವಿ. ಕಿನೋವಿಯಾ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತೆ, ಫೈಲ್ ಹೊರಗೆ ಹೋಗಲ್ಲ. ಇದಕ್ಕೇ ನಾನು ಅದನ್ನೇ ಮೊದಲು ಹೇಳೋದು.

ವಾಚಿನ ಬಗ್ಗೆಯೂ ಎಚ್ಚರ. ಮಣಿಕಟ್ಟಿನ ಸೆನ್ಸರ್ ಸಮನಾದ ಓಟದಲ್ಲಿ ಪರವಾಗಿಲ್ಲ, ಡಂಬೆಲ್ ಬಿಗಿಯಾಗಿ ಹಿಡಿದಾಗ ದಾರಿ ತಪ್ಪುತ್ತೆ. ಆಮ್ಲಜನಕ ಬಳಕೆಯ ಸಾಮರ್ಥ್ಯಕ್ಕೆ (ವಾಚು VO2 max ಅಂತ ತೋರಿಸೋದು) ಕೂಪರ್ ಓಟದ ಹಳೇ ಸೂತ್ರವೇ ಇದೆ: 12 ನಿಮಿಷದಲ್ಲಿ ಓಡಿದ ಮೀಟರಿನಿಂದ 504.9 ಕಳೆದು 44.73ರಿಂದ ಭಾಗಿಸಿ. 2400 ಮೀಟರ್ ಓಡಿದವರಿಗೆ 42.4 ಬರುತ್ತೆ. ವಾಚು ತೋರಿಸಿದ್ದು ಇದರಿಂದ ಬಹಳ ದೂರ ಇದ್ದರೆ ವಾಚನ್ನು ಪ್ರಶ್ನಿಸಿ.

ತೋಳಹುಣಸೆ_ಎಂಪಿಎಡ್

ಸರ್, ಮೇಡಂ, ತುಂಬ ಧನ್ಯವಾದ. ಹಾಗಾದರೆ ಡಿಪ್ಲೊಮಾ ಬೇಡವಾ? 1800 ಮೀಟರಿಗೆ ತಯಾರಿ ಹೇಗೆ?

ಸೀಟಿ_ಸ್ಟಾಪ್‌ವಾಚ್

ಬೇಡ ಅಂತಲ್ಲ, ಸೆಟ್ ಆದಮೇಲೆ ಮಾಡಿ. ಎನ್‌ಐಎಸ್‌ನ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಆರು ವಾರದ ಸರ್ಟಿಫಿಕೇಟ್ ಕೋರ್ಸ್ ನಿಮಗೆ ಸದ್ಯಕ್ಕೆ ಸಾಕು. ಖಾಸಗಿ ಕಾಲೇಜು, ಅಕಾಡೆಮಿಗಳು ಅದನ್ನೂ ಕೇಳ್ತವೆ. ನಿಮ್ಮ ಆಟದ ನಿಯಮ ಮಾತ್ರ ಎಐಯಿಂದ ಕಲೀಬೇಡಿ. ಖೋ-ಖೋ ಅಂಕಣ ಹಳೇ ಪುಸ್ತಕಗಳಲ್ಲಿ 29×16 ಮೀಟರ್ ಇದೆ, ಈಗಿನದು 27×16, ಅಲ್ಟಿಮೇಟ್ ಖೋ-ಖೋ ಲೀಗಿನದು 22×16. ಯಂತ್ರ ಮೂರನ್ನೂ ಕಲಸಿ ಕೊಡೋ ಸಾಧ್ಯತೆ ಇದೆ.

1800 ಮೀಟರ್ ಅಂದರೆ 400ರ ಟ್ರ್ಯಾಕಿನಲ್ಲಿ ನಾಲ್ಕೂವರೆ ಸುತ್ತು, ಸುತ್ತಿಗೆ 2 ನಿಮಿಷ 40 ಸೆಕೆಂಡ್. 200ರದ್ದಾದರೆ 9 ಸುತ್ತು, ಸುತ್ತಿಗೆ 80 ಸೆಕೆಂಡ್. ಖೋ-ಖೋ ಆಟಗಾರರಿಗೆ ಇದು ಕಷ್ಟದ್ದಲ್ಲ, ಆದರೆ ಮೊದಲ ಸುತ್ತನ್ನೇ 60 ಸೆಕೆಂಡಿಗೆ ಎಳೆದು ಐದನೇ ಸುತ್ತಿಗೆ ನಡೆಯೋಕೆ ಶುರು ಮಾಡ್ತಾರೆ. ವಾರಕ್ಕೆ ಮೂರು ದಿನ 80 ಸೆಕೆಂಡಿನ ಲಯ ಕಾಲಿಗೆ ಕೂರಿಸಿ. ಪರೀಕ್ಷೆಗೆ ಮುಂಚೆ ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯ, ಅದಿಲ್ಲದೆ ಓಡೋಕೆ ಬಿಡಲ್ಲ. ಅಂತರ ವಿವಿ ಕೂಟದಲ್ಲಿ ಆಡಿದ ಸರ್ಟಿಫಿಕೇಟಿನಲ್ಲಿ ನಿಮ್ಮ ಹೆಸರು ಅಂಕಪಟ್ಟಿಯಲ್ಲಿ ಇರೋ ಹಾಗೇ ಇದೆಯಾ ಈಗಲೇ ನೋಡಿ. ಇನಿಷಿಯಲ್ ಹಿಂದುಮುಂದಾಗಿದ್ದರೆ ವಿವಿಯ ಕ್ರೀಡಾ ವಿಭಾಗದಲ್ಲಿ ಕೋರ್ಸ್ ಮುಗಿಯೋದರೊಳಗೆ ತಿದ್ದಿಸಿಕೊಳ್ಳಿ.